ಹಬ್ಬ ಬಂತು, ಮಾತು ಬರಲಿ!

ಮಾತು ತೊಡಕಾದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಆದರೆ ಈ ಕೆಲಸ ಹಿಡಿದ ಮೇಲೆ ಆಗಾಗ ನನ್ನ ಬಾಯೇ ಕಟ್ಟಿಹೋಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಅದರಲ್ಲೂ ಹಬ್ಬದ ವಾರ ಬಂತೆಂದರೆ ಮುಗಿಯಿತು, ಮಕ್ಕಳು ಏನು ಕಲಿಯುತ್ತಾರೋ ಗೊತ್ತಿಲ್ಲ, ನಾನು ಮಾತ್ರ ಮಂಗ ಆಗುವುದು ಖಾತ್ರಿ.

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಒಂದು ಮನೆಯ ಮಹಡಿ ಮೇಲೆ ನನ್ನ ಚಿಕಿತ್ಸಾ ಕೇಂದ್ರ. ಬೋರ್ಡಿನಲ್ಲಿ ದೊಡ್ಡ ದೊಡ್ಡ ಸಂಸ್ಕೃತ ಪದಗಳಿವೆ. ಬೀದಿಯವರು ಅದನ್ನು ಓದುವ ಗೋಜಿಗೆ ಹೋಗದೆ 'ಮಾತಿನ ಟ್ಯೂಷನ್' ಎಂದು ಕರೆಯುತ್ತಾರೆ. ಶನಿವಾರ ಮಧ್ಯಾಹ್ನ ಅಲ್ಲಿ ಮಕ್ಕಳ ಗುಂಪಿನ ಪಾಠ. ನಾವು ಓದಿದ ಪುಸ್ತಕಗಳಲ್ಲಿ ಹಬ್ಬದ ಪಾಠವೆಂದರೆ ಹಿಮದ ಗೊಂಬೆಯನ್ನು ಬಣ್ಣಿಸು, ಕೆಂಪು ಟೋಪಿ ತಾತನನ್ನು ಬಣ್ಣಿಸು ಎಂದಿರುತ್ತದೆ. ಮೈಸೂರಿನ ಮಗುವಿಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆ. ಅದಕ್ಕೆ ನಾನೇ ನಮ್ಮ ಹಬ್ಬಗಳನ್ನು ಇಟ್ಟುಕೊಂಡು ಎರಡು ಆಟ ಕಟ್ಟಿಕೊಂಡೆ. ಒಂದು, ಕೇಳಿಸಿಕೊಂಡು ಮಾಡುವುದು. ಇನ್ನೊಂದು, ಹೆಸರು ಹೇಳದೆ ಬಣ್ಣಿಸುವುದು. ಕಾಗದದ ಮೇಲೆ ಎರಡೂ ಬಹಳ ಚೆನ್ನಾಗಿ ಕಾಣುತ್ತಿದ್ದವು.

ಗುಂಪಿನಲ್ಲಿ ಇದ್ದವರು ನಾಲ್ವರು. ವಿಜಯನಗರದಿಂದ ಬರುವ ಒಬ್ಬ ಹುಡುಗ, ಇವನ ಮಾತು ಎಷ್ಟು ಜೋರು ಓಟವೆಂದರೆ ಅರ್ಧ ಪದಗಳು ಹಿಂದೆಯೇ ಉಳಿದುಬಿಡುತ್ತಿದ್ದವು. ಇಬ್ಬರು ಅವಳಿ ಹೆಣ್ಣುಮಕ್ಕಳು, ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡು ಲೋಕದ ಹಂಗೇ ಬೇಡವೆಂದು ಇದ್ದವರು. ನಾಲ್ಕನೆಯವಳು ಹೆಬ್ಬಾಳದ ಕಡೆಯಿಂದ ಅಜ್ಜಿಯ ಕೈಹಿಡಿದು ಬಸ್ಸಿನಲ್ಲಿ ಬರುತ್ತಿದ್ದ ಪುಟ್ಟಿ. ಅವಳು ಮಾತೇ ಆಡುತ್ತಿರಲಿಲ್ಲ.

"ಮನೇಲಿ ಬಾಯ್ ಮುಚ್ಚಾಕಿಲ್ಲ ಕಣವ್ವ, ನಮ್ಗೇ ಸಾಕಾಗೋಯ್ತದೆ. ಒಸ್ಲು ದಾಟುದ್ಲು ಅಂದ್ರೆ ಬಾಯ್ಗೆ ಬೀಗ," ಎಂದರು ಅಜ್ಜಿ ಮೊದಲ ದಿನ. "ಸ್ಕೂಲ್ನೋರು ಬರೋ ವರ್ಸದ ದಸರಾ ಗಂಟ ನೋಡ್ತೀವಿ ಅಂದವ್ರೆ. ಆಮೇಕೂ ಹಿಂಗೇ ಇದ್ರೆ ಬೇರೆ ಸ್ಕೂಲ್ ನೋಡ್ಕಳಿ ಅಂತಾರೆ. ಇದು ಮನೆ ಪಕ್ಕದ ಸ್ಕೂಲು. ಅವ್ರಪ್ಪಂಗೆ ಫ್ಯಾಕ್ಟ್ರಿ ಶಿಫ್ಟು. ದೂರುಕ್ಕೆ ಯಾರ್ ಕರ್ಕೊಂಡೋಗಿ ಬಿಡೋರು?"

ಇಂಥ ಹೊತ್ತಿನಲ್ಲಿ ಬುದ್ಧಿವಂತರು 'ನೋಡೋಣ' ಎನ್ನುತ್ತಾರೆ. ನಾನು, "ದಸರಾ ಹೊತ್ತಿಗೆ ಅರಳು ಹುರಿದ ಹಾಗೆ ಮಾತಾಡ್ತಾಳೆ, ನೀವು ನೆಮ್ಮದಿಯಾಗಿರಿ ಅಜ್ಜಿ," ಎಂದುಬಿಟ್ಟೆ.

ಸರಪಟಾಕಿ

ಮೊದಲು ಬಂದದ್ದು ದೀಪಾವಳಿ. ಪಾಠ ಬಹಳ ಸರಳ. ಮಕ್ಕಳು ಕಣ್ಣು ಮುಚ್ಚಿ ಕೂರಬೇಕು. ನಾನು ಫೋನಿನಲ್ಲಿ ಹಬ್ಬದ ಸದ್ದುಗಳನ್ನು ಒಂದೊಂದಾಗಿ ಹಾಕುತ್ತೇನೆ. ಗಂಟೆ, ರಾಕೆಟ್, ಹೂಕುಂಡ, ಕೊನೆಗೆ ಸರಪಟಾಕಿ. ಸದ್ದು ಕೇಳಿದವರು ಕೈಯೆತ್ತಿ ಹೇಳಬೇಕು. ಸರಿಯಾಗಿ ಹೇಳಿದವರ ಹಣೆಗೆ ನಕ್ಷತ್ರದ ಸ್ಟಿಕ್ಕರ್.

ಫೋನ್ ಒತ್ತಿದೆ. ನನಗೆ ಏನೂ ಕೇಳಿಸಲಿಲ್ಲ. ವಯಸ್ಸಾಯಿತು, ಮಕ್ಕಳ ಕಿವಿ ಚುರುಕು, ಅವರಿಗೆ ಕೇಳಿಸಿರುತ್ತದೆ ಎಂದುಕೊಂಡೆ. ಹಾಗೇ ಆಯಿತು. ವಿಜಯನಗರದ ಹುಡುಗ ಕೈಯೆತ್ತಿ, "ರಾಕೆಟ್ ಮಿಸ್!" ಎಂದ. "ವೆರಿ ಗುಡ್!" ಎಂದು ನಕ್ಷತ್ರ ಅಂಟಿಸಿದೆ. ಮತ್ತೆ ಒತ್ತಿದೆ. ಅವಳಿಗಳು ಒಟ್ಟಿಗೆ, "ಗಂಟೆ!" ಎಂದರು. ಅವರಿಗೂ ನಕ್ಷತ್ರ. ಪುಟ್ಟಿ ಮಾತ್ರ ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದಳು. ಪಾಪ, ಮಾತಿರಲಿ, ಈ ಮಗುವಿಗೆ ಗಮನ ಕೊಟ್ಟು ಕೇಳಿಸಿಕೊಳ್ಳುವ ಅಭ್ಯಾಸವೇ ಇಲ್ಲವಲ್ಲ ಎಂದು ಮರುಗಿದೆ. ಅವಳಿಗೆ ಅನುಕೂಲವಾಗಲೆಂದು ಸರಪಟಾಕಿಗೆ ವಾಲ್ಯೂಮ್ ಪೂರ್ತಿ ಏರಿಸಿದೆ.

ಕೆಳಗಿನ ಮನೆಯಲ್ಲಿ ದಡಬಡ ಸದ್ದಾಯಿತು. ಮಧ್ಯಾಹ್ನದ ನಿದ್ದೆಯಲ್ಲಿದ್ದ ಮನೆ ಯಜಮಾನರು ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡಿಬಂದರು.

"ಮೇಡಂ, ಮಕ್ಕಳನ್ನ ಕರ್ಕೊಂಡು ಕೆಳಗಿಳೀರಿ! ನಮ್ಮ ಹಾಲ್‌ನಲ್ಲಿ ಪಟಾಕಿ ಸಿಡೀತಿದೆ. ಬೆಂಕಿ ಮಾತ್ರ ಎಲ್ಲೂ ಕಾಣ್ತಿಲ್ಲ!"

ಫೋನ್ ನೋಡಿದೆ. ನವರಾತ್ರಿಯಲ್ಲಿ ಅವರ ಹೆಂಡತಿಗೆ ದೇವರನಾಮ ಕೇಳಿಸಲು ನನ್ನ ಫೋನನ್ನು ಬ್ಲೂಟೂತ್‌ನಲ್ಲಿ ಅವರ ಟಿವಿಯ ಸೌಂಡ್‌ಬಾಕ್ಸಿಗೆ ಜೋಡಿಸಿದ್ದೆ. ನಾನು ಅದನ್ನು ಮರೆತಿದ್ದೆ, ಫೋನ್ ಮರೆತಿರಲಿಲ್ಲ. ಗಂಟೆಯಿಂದ ಹಿಡಿದು ಎಲ್ಲ ಸದ್ದೂ ಕೆಳಗಡೆಯೇ ಆಗಿತ್ತು. ಅಂದರೆ ನಾನು ಅಷ್ಟು ಹೊತ್ತೂ ಏನೂ ಇಲ್ಲದ್ದನ್ನು ಕೇಳಿಸಿಕೊಂಡವರಿಗೆ ನಕ್ಷತ್ರ ಹಂಚಿದ್ದೆ. ಏನೂ ಕೇಳಿಸಲಿಲ್ಲವೆಂದು ಸರಿಯಾಗಿ ಉತ್ತರ ಕೊಟ್ಟು ಕೂತಿದ್ದವಳು ಪುಟ್ಟಿ ಒಬ್ಬಳೇ. ನಾಚಿಕೆಯಿಂದ ಉಳಿದ ನಕ್ಷತ್ರಗಳನ್ನೆಲ್ಲ ಅವಳ ಹಣೆಗೇ ಅಂಟಿಸಿದೆ.

ಅಷ್ಟರಲ್ಲಿ ಯಜಮಾನರ ಹೆಂಡತಿ ನಿಧಾನವಾಗಿ ಮೇಲೆ ಬಂದರು. ಇವರ ಕಿವಿ ಮಂದವಾಗಿದೆ, ಪರೀಕ್ಷೆ ಮಾಡಿ ಎಂದು ಬಹಳ ದಿನದಿಂದ ನನ್ನ ಹತ್ತಿರ ದೂರುತ್ತಿದ್ದವರು ಅವರು.

"ಪರೀಕ್ಷೆ ಏನೂ ಬೇಡ ಕಣ್ರೀ, ಇವತ್ತು ಗೊತ್ತಾಯ್ತು," ಎಂದರು. "ಇವರಿಗೆ ಪಟಾಕಿ ಕೇಳಿಸತ್ತೆ. ನಾನು ಕೂಗಿದ್ರೆ ಮಾತ್ರ ಕೇಳಿಸೋಲ್ಲ."

ಗಿಳಿ ಎಲ್ಲಿದೆ?

ಸಂಕ್ರಾಂತಿಯಲ್ಲಿ ಎಳ್ಳು ಬೀರುವಾಗ ಒಳ್ಳೆಯ ಮಾತಾಡಿ ಎಂದು ಒಬ್ಬರಿಗೊಬ್ಬರು ಹೇಳುವುದು ನಮ್ಮಲ್ಲಿ ಪದ್ಧತಿ. ನಾನು ಅಷ್ಟು ದುರಾಸೆಯವಳಲ್ಲ. ಪುಟ್ಟಿ ಮಾತಾಡಿದರೆ ಸಾಕು, ಒಳ್ಳೆಯದೋ ಕೆಟ್ಟದ್ದೋ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಿದ್ದೆ.

ನಮ್ಮ ಅತ್ತೆ ತಮ್ಮ ಹಳೆಯ ಮರದ ಅಚ್ಚುಗಳಲ್ಲಿ ಸಕ್ಕರೆ ಪಾಕ ಎರೆದು ಗಿಳಿ, ಆನೆ, ಮೀನು ಮಾಡಿಕೊಟ್ಟಿದ್ದರು. ಅವತ್ತಿನ ಪಾಠ ಮೇಲೆ, ಕೆಳಗೆ, ಪಕ್ಕ, ಒಳಗೆ ಎಂಬ ಪದಗಳದು. ಗಿಳಿಯನ್ನು ಕಬ್ಬಿನ ಪಕ್ಕ ಇಡು, ಆನೆಯನ್ನು ತಟ್ಟೆಯ ಕೆಳಗೆ ಇಡು, ಹೀಗೆ. ಪಾಠ ಮುಗಿಯುವವರೆಗೂ ಯಾರೂ ಬಾಯಿಗೆ ಹಾಕಬಾರದು ಎಂದು ಮೊದಲೇ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಸಕ್ಕರೆ ಅಚ್ಚನ್ನು ಮುಂದೆ ಇಟ್ಟುಕೊಂಡ ಮಕ್ಕಳು ಯಾವ ಮಾತಿಗಾದರೂ ತಲೆಯಾಡಿಸುತ್ತಾರೆ.

ಪುಟ್ಟಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಕೇಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ವಿಜಯನಗರದ ಹುಡುಗನಿಗೆ, "ಗಿಳೀನ ಡಬ್ಬಿ ಒಳಗೆ ಇಡು," ಎಂದೆ. ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಡಬ್ಬಿ ಖಾಲಿ.

"ಗಿಳಿ ಎಲ್ಲೋ?"

"ಒಳಗಿದೆ ಮಿಸ್."

"ಯಾವುದರ ಒಳಗೆ?"

ಬಾಯಿ ತೆರೆದು ತೋರಿಸಿದ. ನಾಲಿಗೆಯ ಮೇಲೆ ಗಿಳಿಯ ಬಾಲ ಮಾತ್ರ ಉಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಗದರಿಸುತ್ತಿದ್ದರು. ನನ್ನ ಬಾಯಿಂದ ಅಭ್ಯಾಸಬಲದಿಂದ ಬಂದದ್ದು, "ಪೂರ್ತಿ ವಾಕ್ಯದಲ್ಲಿ ಹೇಳು."

ಬಾಲವನ್ನೂ ನುಂಗಿ, ಒಂದೊಂದೇ ಪದವನ್ನು ಬಿಡಿಸಿ, ಯಾವತ್ತೂ ಇಲ್ಲದಷ್ಟು ಸ್ಪಷ್ಟವಾಗಿ ಹೇಳಿದ: "ಗಿಳಿ ನನ್ನ ಹೊಟ್ಟೆಯ ಒಳಗೆ ಇದೆ ಮಿಸ್."

"ವೆರಿ ಗುಡ್!" ಎಂದುಬಿಟ್ಟೆ.

ಅಷ್ಟೇ ಸಾಕಾಯಿತು. ಅವಳಿಗಳು ಕಣ್ಣು ಮಿಟುಕಿಸುವುದರಲ್ಲಿ ಆನೆಗಳನ್ನು ಮುಗಿಸಿ, "ಆನೆ ನಮ್ಮ ಹೊಟ್ಟೆಯ ಒಳಗೆ ಇದೆ," ಎಂದು ಜೋಡಿ ದನಿಯಲ್ಲಿ ವರದಿ ಒಪ್ಪಿಸಿದರು. ವಾಕ್ಯದಲ್ಲಿ ಒಂದು ತಪ್ಪು ಹುಡುಕಲೂ ಆಗಲಿಲ್ಲ. ಉಳಿದದ್ದು ಪುಟ್ಟಿಯ ಮುಂದಿದ್ದ ಮೀನು. ಮಾತಾಡಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ಅವಳ ಹತ್ತಿರ ಬಗ್ಗಿ, "ಪುಟ್ಟೀ, ಮೀನು ಎಲ್ಲಿದೆ? ಪೂರ್ತಿ ವಾಕ್ಯದಲ್ಲಿ ಹೇಳು ನೋಡೋಣ, ಮೀನು..." ಎಂದು ಬಾಯಿ ತೆರೆದು ಶುರುಮಾಡಿಕೊಟ್ಟೆ.

ಅವಳು ಮೀನನ್ನು ನೋಡಿದಳು. ನನ್ನನ್ನು ನೋಡಿದಳು. ಮೀನನ್ನು ಎತ್ತಿ ತೆರೆದಿದ್ದ ನನ್ನ ಬಾಯಿಗೆ ಇಟ್ಟುಬಿಟ್ಟಳು.

ಮೀನು ಎಲ್ಲಿದೆ ಎಂದು ಪೂರ್ತಿ ವಾಕ್ಯದಲ್ಲಿ ಹೇಳಲು ನನ್ನಿಂದಲೂ ಆಗಲಿಲ್ಲ.

ಕೈಯಾರೆ ತಟ್ಟಿದ ಒಬ್ಬಟ್ಟು

ಯುಗಾದಿಗೆ ಬಣ್ಣಿಸುವ ಆಟ. ಕೈಯಲ್ಲಿರುವ ತಿಂಡಿಯ ಹೆಸರು ಹೇಳದೆ ಅದರ ಆಕಾರ, ಬಣ್ಣ, ರುಚಿ ಹೇಳಬೇಕು. ಹಿಂದಿನ ವಾರವೇ ಹೊರಗಿನ ಬೆಂಚಿನಲ್ಲಿ ಕೂರುವ ಅಜ್ಜಿಯರ ಮುಂದೆ, "ಈ ಸಲ ನಾನೇ ಬೆಳಗಾಗೆದ್ದು ಕೈಯಾರೆ ಒಬ್ಬಟ್ಟು ತಟ್ಟಿ ತರ್ತೀನಿ," ಎಂದು ಹೇಳಿಕೊಂಡಿದ್ದೆ. ಹೇಳಿದ್ದು ನಿಜವಾದ ಉತ್ಸಾಹದಿಂದಲೇ. ಆದರೆ ಹೂರಣ ನೀರಾಯಿತು, ಕಣಕ ರಬ್ಬರಾಯಿತು, ಮೊದಲ ಒಬ್ಬಟ್ಟು ಹೆಂಚಿನಿಂದ ಏಳಲು ಒಪ್ಪಲಿಲ್ಲ. ನನ್ನ ಗಂಡ ಸ್ಕೂಟರಿನ ಕೀಲಿ ತೆಗೆದುಕೊಂಡು ಅಂಗಡಿಗೆ ಹೋಗಿ ಬಂದರು. ನಾನು ಅದನ್ನೆಲ್ಲ ನಮ್ಮ ಮನೆಯ ಸ್ಟೀಲ್ ಡಬ್ಬಿಗೆ ವರ್ಗಾಯಿಸಿದೆ.

ವಿಜಯನಗರದ ಹುಡುಗ ಒಬ್ಬಟ್ಟನ್ನು ಕೈಯಲ್ಲಿ ಹಿಡಿದು ಶುರುಮಾಡಿದ. "ದುಂಡಗಿದೆ. ಹಳದಿ. ಮೆತ್ತಗಿದೆ." ಮಾತು ನಿಧಾನ, ಉಚ್ಚಾರ ಶುದ್ಧ. ನನ್ನ ಎದೆ ಉಬ್ಬಿತು. ಬಾಗಿಲ ಆಚೆ ಅವನ ಅಜ್ಜಿ ಕಿವಿಗೊಟ್ಟು ಕೇಳುತ್ತಿದ್ದರು. "ಇನ್ನೂ ಹೇಳು, ಇನ್ನೂ ಹೇಳು," ಎಂದು ನಾನೇ ಹುರಿದುಂಬಿಸಿದೆ.

"ಎಲ್ಲಾ ಒಂದೇ ಸೈಜ್ ಇದೆ. ಎಲ್ಲೂ ಕರಕಾಗಿಲ್ಲ. ನಮ್ಮಜ್ಜಿದು ಒಂದೊಂದು ಒಂದೊಂದು ಥರ ಇರತ್ತೆ. ಮಿಸ್, ಇದು ಅಂಗಡೀದು."

"ಇಲ್ಲ ಕಣೋ, ಮಿಸ್ಸೇ ಮಾಡಿದ್ದು," ಎಂದು ನಕ್ಕೆ. ಆ ನಗು ನನಗೇ ಕೇಳಲು ಚೆನ್ನಾಗಿರಲಿಲ್ಲ.

ಆಗ ಪುಟ್ಟಿ ತನ್ನ ಒಬ್ಬಟ್ಟನ್ನು ಮಗುಚಿದಳು. ತಳಕ್ಕೆ ಏನೋ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಹುಷಾರಾಗಿ ಬಿಡಿಸಿ, ಎದ್ದು ಬಂದು, ನನ್ನ ಅಂಗೈಯಲ್ಲಿ ಇಟ್ಟು, ಹೋಗಿ ಕೂತಳು. ಅಂಗಡಿಯ ಹೆಸರಿದ್ದ ಲೇಬಲ್. ಬಾಯಿ ಬಿಡದೆಯೇ ಇಷ್ಟು ಹೇಳುವವಳು ಬಾಯಿ ಬಿಟ್ಟರೆ ನನ್ನ ಗತಿ ಏನು ಎಂದು ಅವತ್ತೇ ಯೋಚಿಸಬೇಕಿತ್ತು.

ಅಷ್ಟರಲ್ಲಿ ವಿಜಯನಗರದ ಅಜ್ಜಿ ಒಳಗೆ ತಲೆಹಾಕಿ ಬಹಳ ಪ್ರೀತಿಯಿಂದ ಹೇಳಿದರು:

"ಮಾತು ತುಂಬಾ ಚೆನ್ನಾಗಿ ಕಲಿಸ್ತಿದ್ದೀರಿ ಕಣಮ್ಮ. ಬಿಡುವಾದಾಗ ಬನ್ನಿ, ಒಬ್ಬಟ್ಟು ನಾವು ಕಲಿಸ್ತೀವಿ."

ಮಣ್ಣಿನ ಗಣಪ

ಜೂನ್‌ನಲ್ಲಿ ಪುಟ್ಟಿ ಒಂದನೇ ಕ್ಲಾಸಿಗೆ ಹೋದಳು. ಅಲ್ಲೂ ಅದೇ ಕಥೆ. ಬರೆಯುವುದೆಲ್ಲ ಸರಿ, ಹಾಜರಿ ಕೂಗಿದರೆ ಕೈ ಮಾತ್ರ ಮೇಲೇಳುತ್ತದೆ. ಗಣೇಶನ ಹಬ್ಬ ಬಂತು. ಹಬ್ಬ ಕಳೆದರೆ ದಸರಾ ಕಣ್ಣೆದುರೇ ಇದೆ.

ಜೇಡಿಮಣ್ಣು ತರಿಸಿ, ಕೇಳಿಸಿಕೊಂಡು ಮಾಡುವ ಪಾಠವಿಟ್ಟೆ. ದೊಡ್ಡ ಉಂಡೆ ಮಾಡಿ, ಅದು ಹೊಟ್ಟೆ. ಮೇಲೊಂದು ಸಣ್ಣ ಉಂಡೆ, ಅದು ತಲೆ. ಉದ್ದಕ್ಕೆ ಹೊಸೆಯಿರಿ, ಅದು ಸೊಂಡಿಲು. ಹೇಳುತ್ತಾ ಹೇಳುತ್ತಾ ಮಕ್ಕಳ ಜೊತೆ ನಾನೂ ಒಂದು ಮಾಡಿದೆ. ಅವರವು ಗಣಪಗಳಾದವು. ಪುಟ್ಟಿಯದಕ್ಕಂತೂ ಕಾಲಬುಡದಲ್ಲಿ ಇಲಿಯೂ ಬಂತು. ನನ್ನದು ಒಂದು ಕಡೆಗೆ ವಾಲಿಕೊಂಡು, ಸೊಂಡಿಲು ಎರಡು ಸಲ ಬಿದ್ದು, ಕೊನೆಗೆ ಹೊಟ್ಟೆಗೆ ಅಂಟಿಕೊಂಡು ಕೂತಿತು. ಎಲ್ಲವನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು.

ಅವತ್ತು ಪುಟ್ಟಿಯನ್ನು ಕರೆದೊಯ್ಯಲು ಬಂದದ್ದು ಅವಳ ಅಪ್ಪ. ಬೆಳಗಿನ ಶಿಫ್ಟ್ ಮುಗಿಸಿ ಯೂನಿಫಾರಮ್ಮಿನಲ್ಲೇ ಬಂದಿದ್ದರು. ಸಂಕೋಚದ ಮನುಷ್ಯ. "ಸ್ಕೂಲಿಂದ ಮತ್ತೆ ಕರೆಸಿದ್ರು ಮೇಡಂ. ಮಿಸ್ಸು ಒಳ್ಳೇರೇ, ಆದ್ರೂ ರಜಾ ಮುಗ್ಯೋವರ್ಗೂ ಅಷ್ಟೇ ಅಂದ್ರು," ಎಂದು ಹೇಳುತ್ತಾ ಗಣಪಗಳ ಸಾಲನ್ನು ನೋಡುತ್ತಾ ಬಂದರು. ಮಗಳದನ್ನು ನೋಡಿ ಮುಖ ಅರಳಿತು. ನನ್ನದರ ಮುಂದೆ ಬಂದು ನಿಂತರು. ಮುಖ ಸಣ್ಣದಾಯಿತು. ಮಕ್ಕಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ನಮ್ದೇ ದೊಡ್ಡ ಕಷ್ಟ ಅಂದ್ಕೊಂಡಿದ್ದೆ ಮೇಡಂ. ಪಾಪ, ಈ ಮಗೂಗೆ ಇನ್ನೂ ಜಾಸ್ತಿ ತೊಂದ್ರೆ ಇದ್ದಂಗೈತೆ. ಅವ್ರ ಮನೆಯೋರು ಎಷ್ಟ್ ನೊಂದ್ಕೊಂಡವ್ರೋ."

ಹಿಂದೆ ಕಿಸಕ್ಕೆಂದು ಸದ್ದಾಯಿತು. ಪುಟ್ಟಿ ಮಣ್ಣಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳ ದನಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಆ ಖುಷಿಯಲ್ಲಿ ನನ್ನ ಮಾನ ಹೋದದ್ದು ಲೆಕ್ಕಕ್ಕೆ ಬರಲಿಲ್ಲ.

"ಹೌದು," ಎಂದೆ ಅವಳ ಅಪ್ಪನಿಗೆ. "ಆ ಮಗುವಿನ ಗಂಡ ಬಹಳ ನೊಂದುಕೊಂಡಿದ್ದಾರೆ."

ಹೆಸರು ಹೇಳದೆ ಬಣ್ಣಿಸು

ಕೊನೆಗೆ ದಸರಾ ಬಂತು. ರಜೆಯ ಕೊನೆಯ ಶನಿವಾರಕ್ಕೆ ಪುಟ್ಟಿಯ ಕ್ಲಾಸ್ ಟೀಚರನ್ನೇ ಪಾಠ ನೋಡಲು ಕರೆದುಬಿಟ್ಟೆ. ಹೊಸ ಜಾಗದಲ್ಲಿ ನೋಡಿದರೆ ಅವಳ ಬಗ್ಗೆ ಬೇರೆ ಅಭಿಪ್ರಾಯ ಬಂದೀತು ಎಂಬ ಆಸೆ. ಕರೆದ ಮೇಲೆ, ಅವರ ಎದುರಿಗೇ ಪುಟ್ಟಿ ಬಾಯಿ ಬಿಡದೆ ಹೋದರೆ ಏನು ಗತಿ ಎಂಬುದು ಹೊಳೆದು ರಾತ್ರಿ ನಿದ್ದೆ ಬರಲಿಲ್ಲ.

ಮನೆ ಯಜಮಾನರ ಹೆಂಡತಿ ತಮ್ಮ ಗೊಂಬೆಗಳನ್ನೆಲ್ಲ ಮೇಲೆ ತಂದು ಕೂರಿಸಿಕೊಟ್ಟರು. ಪಟ್ಟದ ರಾಜ ರಾಣಿ, ಅಂಬಾರಿ ಹೊತ್ತ ಆನೆ, ಅಂಗಡಿ ಇಟ್ಟುಕೊಂಡ ಶೆಟ್ಟರು, ವಾದ್ಯದವರು. ಪಕ್ಕದಲ್ಲಿ ಹಗ್ಗ ಕಟ್ಟಿ ಒಂದು ಹಳೆಯ ಸೀರೆಯನ್ನು ಪರದೆಯ ಹಾಗೆ ಇಳಿಬಿಟ್ಟೆ. ಒಬ್ಬೊಬ್ಬರೇ ಒಂದು ಗೊಂಬೆ ಹಿಡಿದು ಪರದೆಯ ಹಿಂದೆ ಹೋಗಿ ಬಣ್ಣಿಸಬೇಕು, ಹೊರಗಿದ್ದವರು ಯಾವ ಗೊಂಬೆಯೆಂದು ಹೇಳಬೇಕು. ಯಾರ ಮುಖವೂ ಕಾಣದಿದ್ದರೆ ಪುಟ್ಟಿಗೆ ಧೈರ್ಯ ಬರಬಹುದು ಎಂಬುದು ನನ್ನ ಲೆಕ್ಕಾಚಾರ.

ಟೀಚರ್ ಬಂದು ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಪುಟ್ಟಿಯ ಅಜ್ಜಿ ಬೆಂಚಿನ ತುದಿಯಲ್ಲಿ ಕೂತು ಚಾಮುಂಡಿಯನ್ನು ನೆನೆಯುತ್ತಿದ್ದರು. ನನಗೆ ಎದೆ ಹೊಡೆದುಕೊಂಡಾಗ ಬಾಯಿ ಓಡುತ್ತದೆ. ದಸರಾ ಬಗ್ಗೆ, ಗೊಂಬೆಗಳ ಬಗ್ಗೆ, ಪಾಠದ ಉದ್ದೇಶದ ಬಗ್ಗೆ ಟೀಚರಿಗೆ ಒಂದು ಭಾಷಣವನ್ನೇ ಮಾಡಿದೆ.

ಮೊದಲು ವಿಜಯನಗರದ ಹುಡುಗ ಹೋದ. "ಗಂಡ ಹೆಂಡತಿ. ಪಕ್ಕ ಪಕ್ಕ ನಿಂತಿದ್ದಾರೆ. ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಬೆಳಿಗ್ಗೆ ಜಗಳ ಆಗಿದೆ," ಎಂದ. ಪಟ್ಟದ ಗೊಂಬೆಯೆಂದು ಎಲ್ಲರಿಗೂ ಗೊತ್ತಾಯಿತು. ಅವಳಿಗಳು ಒಟ್ಟಿಗೆ ಹೋಗಿ, ಒಬ್ಬಳು ಆನೆಯನ್ನೂ ಇನ್ನೊಬ್ಬಳು ಶೆಟ್ಟರನ್ನೂ ಒಂದೇ ಉಸಿರಿನಲ್ಲಿ ಬಣ್ಣಿಸಿ, ಸೊಂಡಿಲಿರುವ ಶೆಟ್ಟರನ್ನು ಸೃಷ್ಟಿಸಿದರು.

ಆಮೇಲೆ ಪುಟ್ಟಿ. ಎದ್ದಳು, ಗೊಂಬೆಗಳ ಮುಂದೆ ಹಾದು ಪರದೆಯ ಹಿಂದೆ ಹೋದಳು. ಸೀರೆಯ ಕೆಳಗೆ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಇದನ್ನೇ. ಮಕ್ಕಳ ತಾಯಂದಿರಿಗೆ ನಾನೂ ಇದನ್ನೇ ಹೇಳಿ ಹೇಳಿ ಸುಸ್ತಾಗಿದ್ದೇನೆ. ಆದರೆ ಅವತ್ತು ಆ ಮೌನದಲ್ಲಿ ಟೀಚರ್ ಗಡಿಯಾರ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

"ಹೇಳು ಪುಟ್ಟೀ, ದೊಡ್ಡದಾ ಚಿಕ್ಕದಾ? ಚಿಕ್ಕದು ಅಲ್ವಾ? ಬಣ್ಣ ಯಾವುದು? ಕೆಂಪಾ? ಕಿರೀಟ ಇದೆಯಾ? ಇದೆ ಅನ್ಸತ್ತೆ. ಕೂತಿದೆಯಾ, ನಿಂತಿದೆಯಾ? ನಿಂತಿದೆ ಅಲ್ವಾ?"

"ಮಾತಾಡುತ್ತೆ," ಎಂದಿತು ಪರದೆ.

ಸಣ್ಣ ದನಿ. ಆದರೆ ಸ್ಪಷ್ಟ. ಬೆಂಚಿನ ಮೇಲೆ ಅಜ್ಜಿಯ ತುಟಿ ಅಲ್ಲಾಡುವುದು ನಿಂತಿತು. ಟೀಚರ್ ಕಟ್ಟಿದ ಕೈ ಬಿಚ್ಚಿದರು. ಇಡೀ ವರ್ಷ ಈ ಒಂದು ಪದಕ್ಕಾಗಿ ಕಾದಿದ್ದವಳು ನಾನು. ಅದು ಬಂದಾಗ ನಾನು ಮಾಡಿದ್ದೇನು? ತಿದ್ದಿದೆ!

"ಗೊಂಬೆ ಮಾತಾಡಲ್ಲ ಪುಟ್ಟೀ, ಸರಿಯಾಗಿ ನೋಡು. ಬಣ್ಣ ಯಾವುದು ಹೇಳು, ಕೆಂಪಲ್ವಾ?"

ಯಜಮಾನರ ಹೆಂಡತಿ ನನ್ನ ತೋಳನ್ನು ಜೋರಾಗಿ ಚಿವುಟಿದರು.

"ಇದು ಮಾತಾಡುತ್ತೆ," ಎಂದಿತು ಪರದೆ, ಈ ಸಲ ಇನ್ನೂ ಗಟ್ಟಿಯಾಗಿ. "ತುಂಬಾ ಮಾತಾಡುತ್ತೆ. ಪ್ರಶ್ನೆ ಕೇಳುತ್ತೆ, ಉತ್ತರಾನೂ ಅದೇ ಹೇಳುತ್ತೆ. ಕನ್ನಡಕ ತಲೆ ಮೇಲೆ ಇಟ್ಕೊಂಡು, ನನ್ ಕನ್ನಡಕ ಎಲ್ಲಿ ಅಂತ ಹುಡುಕುತ್ತೆ."

ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಕನ್ನಡಕ ಅಲ್ಲೇ ಇತ್ತು.

"ಮಿಸ್ಸು! ಮಿಸ್ಸು!" ಎಂದು ಮೂವರೂ ಮಕ್ಕಳು ಕುಣಿದಾಡಿದರು. ಅವಳು ಒಳಗೆ ಯಾವ ಗೊಂಬೆಯನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಟೀಚರ್ ನಕ್ಕು ನಕ್ಕು ಕಣ್ಣಲ್ಲಿ ಬಂದ ನೀರನ್ನು ಸೆರಗಿನಿಂದ ಒರೆಸಿಕೊಂಡು ಅಜ್ಜಿಯ ಕಡೆ ತಿರುಗಿದರು.

"ಅಜ್ಜೀ, ಬೇರೆ ಸ್ಕೂಲಿನ ಮಾತು ಮರೆತುಬಿಡಿ. ರಜಾ ಮುಗಿದ ತಕ್ಷಣ ಕಳಿಸಿಕೊಡಿ. ಇಷ್ಟು ದಿನ ಕೂತು ನನ್ನ ಬಗ್ಗೆ ಏನೇನು ನೋಡಿಟ್ಟುಕೊಂಡಿದ್ದಾಳೋ, ಅದನ್ನು ಕೇಳೋವರೆಗೂ ನನಗೆ ಸಮಾಧಾನ ಇಲ್ಲ."

"ನಾನೇಳ್ಲಿಲ್ವಾ, ಮನೇಲಿ ಹಿಂಗೇಯಾ," ಎಂದು ಅಜ್ಜಿ ನಗುತ್ತಲೇ ಅತ್ತರು.

ಅಷ್ಟು ಸಂತೋಷ ನನಗೆ ಈ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ. ಎದ್ದು, ಎರಡೂ ಕೈ ಚಾಚಿಕೊಂಡು ಪರದೆಯ ಕಡೆ ಓಡಿದೆ. "ಶಭಾಷ್ ಪುಟ್ಟೀ! ಎಷ್ಟು ಚೆನ್ನಾಗಿ ಬಣ್ಣಿಸಿದೆ! ನೋಡಿದ್ರಾ ಟೀಚರ್, ಪೂರ್ತಿ ಪೂರ್ತಿ ವಾಕ್ಯ! ನಾನು ಅವತ್ತೇ ಹೇಳಿದ್ದೆ ಅಜ್ಜಿ, ದಸರಾ ಹೊತ್ತಿಗೆ..."

ಸೀರೆಯ ಅಂಚು ಸ್ವಲ್ಪ ಸರಿಯಿತು. ಒಂದು ಕಣ್ಣು ಮಾತ್ರ ಕಾಣಿಸಿತು.

"ಮಿಸ್, ಕೂತ್ಕೊಳ್ಳಿ. ನಂದಿನ್ನೂ ಮುಗ್ದಿಲ್ಲ."